ಮನೆಯಲ್ಲಿ ಸರಿಯಿದ್ದ ಶ್ರುತಿ ಸ್ಟುಡಿಯೋದಲ್ಲಿ ಕೆಡುವುದೇಕೆ? ರೆಕಾರ್ಡಿಂಗಿಗೆ ಹೊರಟವರಿಗೆ ದೋಷ ಪತ್ತೆಯ ಕೈಪಿಡಿ

ಸ್ಟುಡಿಯೋದ ಬಾಗಿಲು ದಾಟಿದ ಗಾಯಕರು ಚಪ್ಪಲಿ ಬಿಡುತ್ತಲೇ ಹೇಳುವ ಮಾತೊಂದಿದೆ: "ಇವತ್ತು ಯಾಕೋ ಗಂಟಲು ಸರಿಯಿಲ್ಲ ಸರ್." ಗಾಜಿನ ಈಚೆ ಕುಳಿತು ಭಾವಗೀತೆ, ವಚನ, ದೇವರನಾಮಗಳನ್ನು ಧ್ವನಿಮುದ್ರಿಸುವುದು ನನ್ನ ಕೆಲಸ. ಈ ಮಾತು ಕೇಳಿದಾಗಲೆಲ್ಲ ತಲೆಯಾಡಿಸುತ್ತೇನೆ, ಆದರೆ ನಂಬುವುದಿಲ್ಲ. ಹೆಡ್‌ಫೋನ್, ಶ್ರುತಿಪೆಟ್ಟಿಗೆಯ ತಪ್ಪು ಸಂಖ್ಯೆ, ಎಸಿಯ ಗಾಳಿ, ಸಡಿಲವಾದ ಒಂದು ವೈರು ಮಾಡಿದ ಅಪರಾಧವನ್ನು ಹೆಚ್ಚಿನ ಸಲ ಪಾಪದ ಗಂಟಲು ಹೊತ್ತುಕೊಂಡಿರುತ್ತದೆ. ಮೊದಲು ಕಿವಿ, ಆಮೇಲೆ ವಾದ್ಯ, ಆಮೇಲೆ ವೈರು, ಕೊನೆಗೆ ಗಂಟಲು. ನಾನು ಹುಡುಕುವುದು ಈ ಕ್ರಮದಲ್ಲಿ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಕೇಳಿ. ಮೈಕ್, ಹೆಡ್‌ಫೋನ್, ಶ್ರುತಿ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ, ಮಧ್ಯಾಹ್ನ ಅದು ಮತ್ತೆ ಬಂದು ಕೂರುತ್ತದೆ. ಬರುವಾಗ ಮೊಬೈಲಿನಲ್ಲಿ ಒಂದು ಟ್ಯೂನರ್, ವೈರಿರುವ ಹೆಡ್‌ಫೋನ್, ಹಾಡಿನ ಸಾಹಿತ್ಯವನ್ನು ದೊಡ್ಡಕ್ಷರದಲ್ಲಿ ಬರೆದ ಹಾಳೆ ಇದ್ದರೆ ಸಾಕು.

ಲಕ್ಷಣ: ಟ್ರ್ಯಾಕ್‌ಗೆ ಶ್ರುತಿ ಸೇರುತ್ತಲೇ ಇಲ್ಲ

ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು. ಫೋನಿನಲ್ಲಿ ನೀವು ಶ್ರುತಿ ಏನೆಂದು ಹೇಳಿದಿರಿ? "ಎರಡು" ಎಂದಿರಾದರೆ ದೋಷ ಅಲ್ಲೇ ಇದೆ. ಕರ್ನಾಟಕ ಸಂಗೀತದವರಿಗೆ ಎರಡು ಕಟ್ಟೆ ಎಂದರೆ ಹಾರ್ಮೋನಿಯಂನ ಬಿಳಿ ಎರಡು (ಎರಡನೆಯ ಬಿಳಿ ಮನೆ), ಅಂದರೆ ಡಿ. ಹಿಂದೂಸ್ತಾನಿಯವರು ಮತ್ತು ಯಕ್ಷಗಾನದವರು ಕಪ್ಪು ಎರಡು ಎನ್ನುವುದು ಡಿ ಶಾರ್ಪ್, ಕಟ್ಟೆಯ ಲೆಕ್ಕದಲ್ಲಿ ಎರಡೂವರೆ. ಕೀಬೋರ್ಡಿನವರು ಒಂದನ್ನು ಕೇಳಿಸಿಕೊಂಡು ಇನ್ನೊಂದರಲ್ಲಿ ಇಡೀ ಹಾಡಿನ ಟ್ರ್ಯಾಕ್, ಅಂದರೆ ನೀವು ಹಾಡಬೇಕಾದ ಹಿನ್ನೆಲೆ ವಾದನ, ಕಟ್ಟಿಟ್ಟಿರುತ್ತಾರೆ. ಕಪ್ಪು ನಾಲ್ಕೆಂದರೆ ಐದೂವರೆ ಕಟ್ಟೆ; ಹೆಣ್ಣುಮಕ್ಕಳ ಶ್ರುತಿಯಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಹೇಳುವಾಗ ಬಿಳಿಯೋ ಕಪ್ಪೋ ಸೇರಿಸಿ ಹೇಳಿ. ಅದಕ್ಕಿಂತ ಒಳ್ಳೆಯದು, ನಿಮ್ಮ ತಂಬೂರಿಯ ಅರ್ಧ ನಿಮಿಷದ ಧ್ವನಿಯನ್ನೇ ಕಳುಹಿಸಿಬಿಡಿ.

ಸಂಖ್ಯೆ ಸರಿಯಿದ್ದೂ ಸ್ವಲ್ಪವೇ ಸ್ವಲ್ಪ ಉಜ್ಜಿದಂತೆ ಕೇಳಿಸಿದರೆ ತಂಬೂರಿ ಆ್ಯಪ್‌ನ ಸೆಟ್ಟಿಂಗ್ ನೋಡಿ. ಸ್ಟುಡಿಯೋದ ಕೀಬೋರ್ಡ್ 440 ಹರ್ಟ್ಸ್ (ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ) ಲೆಕ್ಕದಲ್ಲಿರುತ್ತದೆ. ಆ್ಯಪ್ 432ರಲ್ಲಿದ್ದರೆ ಒಂದು ಸ್ವರಸ್ಥಾನದ ಮೂರನೇ ಒಂದು ಪಾಲಿನಷ್ಟು, ಸುಮಾರು 32 ಸೆಂಟ್, ಕೆಳಗೆ ಕೂರುತ್ತದೆ. (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಣ ಅಂತರ 100 ಸೆಂಟ್.) ತಿಂಗಳುಗಟ್ಟಲೆ ಅದರೊಂದಿಗೆ ಅಭ್ಯಾಸ ಮಾಡಿದ ಗಂಟಲು ಸ್ಟುಡಿಯೋದಲ್ಲಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಆಗ "ಗಂಟಲು ಏಳುತ್ತಿಲ್ಲ" ಎನ್ನುತ್ತಾರೆ!

ಟ್ರ್ಯಾಕ್ ಒಂದೂವರೆ ಸ್ವರಸ್ಥಾನ ಮೇಲಿದ್ದು, ಜೊತೆಗೆ ಅವಸರದಲ್ಲಿ ಓಡುವಂತೆಯೂ ಇದ್ದರೆ ಅದು ಕಂಪ್ಯೂಟರಿನ ಎಡವಟ್ಟು. ಸೆಕೆಂಡಿಗೆ ಸದ್ದಿನ 44,100 ತುಣುಕುಗಳ ದರದಲ್ಲಿ ಉಳಿಸಿದ ಫೈಲನ್ನು 48,000ದಲ್ಲಿ ನುಡಿಸಿದರೆ ಶ್ರುತಿ ಸುಮಾರು 147 ಸೆಂಟ್ ಏರುತ್ತದೆ. ಪತ್ತೆಗೆ ಸಂಗೀತಜ್ಞಾನ ಬೇಡ, ಗಡಿಯಾರ ಸಾಕು: ಮನೆಯಲ್ಲಿ ನಾಲ್ಕು ನಿಮಿಷವಿದ್ದ ಹಾಡು ಇಲ್ಲಿ 3 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ. ಅದಲುಬದಲಾದರೆ ಹಾಡು ಅಷ್ಟೇ ಇಳಿದು ಎಳೆಯುತ್ತದೆ. ರೆಕಾರ್ಡಿಸ್ಟ್‌ಗೆ ಹೇಳಿ, ಎರಡು ನಿಮಿಷದ ಕೆಲಸ. ನೀವು ಆ ಎತ್ತರಕ್ಕೆ ಹಾಡಲು ಹೋಗಬೇಡಿ.

ಇನ್ನೊಂದು ಸೂಕ್ಷ್ಮವಾದದ್ದು. ಷಡ್ಜ, ಪಂಚಮ ಸರಿಯಾಗಿ ಕೂರುತ್ತವೆ, ಅಂತರ ಗಾಂಧಾರ ಮಾತ್ರ ಪ್ರತಿ ಸಲ ಕೀಬೋರ್ಡಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಇದು ನಿಮ್ಮ ತಪ್ಪಲ್ಲ. ತಂಬೂರಿಯ ನಾದದೊಳಗಿನಿಂದ ಕೇಳಿಬರುವ ಗಾಂಧಾರಕ್ಕಿಂತ ಕೀಬೋರ್ಡಿನದು ಸುಮಾರು 14 ಸೆಂಟ್ ಮೇಲಿರುತ್ತದೆ. ಒಳ್ಳೆಯ ತಂಬೂರಿಯ ಕೆಳಗೆ ಬೆಳೆದ ಕಿವಿ ಅದನ್ನು ಒಪ್ಪುವುದಿಲ್ಲ. ಉದ್ದಕ್ಕೆ ಹಿಡಿದ ಕಡೆಗಳಲ್ಲಿ ಗಾಂಧಾರ ಬಿಟ್ಟು ಸ, ಪ ಮಾತ್ರ ಹಿಡಿಯುವಂತೆ ಕೀಬೋರ್ಡಿನವರನ್ನು ಕೇಳಿ. ಸಂಕೋಚಪಡಬೇಡಿ, ಬಲ್ಲವರು ಇದನ್ನು ಕೇಳದೆಯೇ ಮಾಡುತ್ತಾರೆ.

ಲಕ್ಷಣ: ಹೆಡ್‌ಫೋನ್ ಹಾಕಿದೊಡನೆ ಸ್ವರ ಜಾರುತ್ತದೆ

ಹೆಡ್‌ಫೋನ್ ಇಲ್ಲದೆ, ತಂಬೂರಿ ಹಾಕಿಕೊಂಡು ಪಲ್ಲವಿಯನ್ನು ಒಮ್ಮೆ ಹಾಡಿ, ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಅದು ಶ್ರುತಿಶುದ್ಧವಾಗಿದ್ದರೆ ಗಂಟಲಿನ ವಿಚಾರಣೆ ಅಲ್ಲಿಗೆ ಮುಗಿಯಿತು. ದೋಷ ಕಿವಿಗೆ ಬರುವ ಸದ್ದಿನಲ್ಲಿದೆ.

ಧಾರವಾಡದ ಕಡೆಯಿಂದ ಬಂದಿದ್ದ ಗಾಯಕಿಯೊಬ್ಬರ ಪ್ರಸಂಗ ಹೇಳುತ್ತೇನೆ. ವಚನಗಳ ಒಂದು ಸಂಪುಟ. ಹನ್ನೊಂದು ಟೇಕ್ ಆಗಿದ್ದವು, ಹನ್ನೊಂದರಲ್ಲೂ ತಾರ ಷಡ್ಜ ಕೂದಲೆಳೆಯಷ್ಟು ಕೆಳಗೆ. ಅವರ ಕಣ್ಣಂಚು ಒದ್ದೆಯಾಗಿತ್ತು. ಒಳಗೆ ಹೋಗಿ ಅವರ ಹೆಡ್‌ಫೋನನ್ನು ನಾನೇ ಹಾಕಿಕೊಂಡು ಕೇಳಿದೆ: ಅವರದೇ ದನಿ ಮಠದೊಳಗೆ ಹಾಡಿದಂತೆ ಗುಂಯ್‌ಗುಡುತ್ತಿತ್ತು. ಮೊದಲಿಗೆ "ದನಿ ಜಾಸ್ತಿ ಕೊಡಿ, ಸ್ವಲ್ಪ ಎಕೋ ಇರಲಿ" ಎಂದು ಅವರೇ ಕೇಳಿದ್ದರು, ನನ್ನ ಸಹಾಯಕ ಧಾರಾಳವಾಗಿ ಕೊಟ್ಟಿದ್ದ. ಎಕೋ ತೆಗೆಸಿದೆ, ಅವರ ದನಿಯನ್ನು ಇಳಿಸಿದೆ, ಎಡಗಿವಿಯ ಬಟ್ಟಲನ್ನು ಕಿವಿಯ ಹಿಂದಕ್ಕೆ ಸರಿಸಿದೆ. ಹನ್ನೆರಡನೆಯ ಟೇಕ್ ಕೂತಿತು. "ಈಗ ನನ್ನ ದನಿ ನನಗೇ ಕೇಳಿಸಿತು ನೋಡಿ" ಎಂದರು.

ನನ್ನ ಅನುಭವದಲ್ಲಿ ಇದಕ್ಕೊಂದು ಸ್ಥೂಲ ಲೆಕ್ಕವಿದೆ. ತನ್ನ ದನಿ ತನಗೆ ಜೋರಾಗಿ ಕೇಳಿದರೆ ಹಾಡುವವರು ಉಸಿರಿನ ಒತ್ತು ಬಿಡುತ್ತಾರೆ, ಸ್ವರ ಇಳಿಯುತ್ತದೆ. ಕೇಳದೆ ಹೋದರೆ ಕೂಗುತ್ತಾರೆ, ಸ್ವರ ಏರುತ್ತದೆ. ಆದ್ದರಿಂದ ಸ್ವರ ಯಾವ ಕಡೆಗೆ ಜಾರುತ್ತಿದೆ ಎಂಬುದೇ ದೊಡ್ಡ ಸುಳಿವು. ಪರೀಕ್ಷೆಯ ಕ್ರಮ ಹೀಗಿರಲಿ: ಒಂದು ಕಿವಿ ತೆರೆಯಿರಿ, ಎಕೋ ತೆಗೆಸಿ, ನಿಮ್ಮ ದನಿಯನ್ನು ಏರಿಸಿ ಅಥವಾ ಇಳಿಸಿ, ಕೀಬೋರ್ಡ್, ಬೇಸ್ ಎಲ್ಲ ತಗ್ಗಿಸಿ ತಂಬೂರಿ ಮತ್ತು ತಾಳ ಮಾತ್ರ ಉಳಿಸಿ. ತೆರೆದ ಕಿವಿಯ ಬಟ್ಟಲು ಗಾಳಿಯಲ್ಲಿ ತೂಗಬಾರದು, ತಲೆಗೆ ಒತ್ತಿಕೊಂಡಿರಬೇಕು. ಇಲ್ಲದಿದ್ದರೆ ಅದರಿಂದ ಸೋರಿದ ಟ್ರ್ಯಾಕು ನಿಮ್ಮ ಮೈಕಿನೊಳಗೆ ಹೋಗಿ ಕೂರುತ್ತದೆ. ಮುಂದೆ ಅದನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಇಷ್ಟಾದ ಮೇಲೂ ನಿಮ್ಮ ದನಿ ಟೊಳ್ಳಾಗಿ, ಜೀವವಿಲ್ಲದಂತೆ ಕೇಳಿಸಿದರೆ ಮೈಕಿನ ಫೇಸ್ ಬಟನ್ ಒಮ್ಮೆ ಒತ್ತಿ ನೋಡಲು ರೆಕಾರ್ಡಿಸ್ಟ್‌ಗೆ ಹೇಳಿ. ನಮ್ಮ ದನಿ ನಮಗೆ ತಲೆಬುರುಡೆಯ ಮೂಲಕವೂ ಕೇಳುತ್ತದೆ. ಹೆಡ್‌ಫೋನಿನಿಂದ ಬರುವ ಅಲೆ ಅದಕ್ಕೆ ವಿರುದ್ಧವಾಗಿದ್ದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ದನಿ ಎರಡೆರಡಾಗಿ, ಬಾವಿಯೊಳಗಿನಿಂದ ಮರುನುಡಿದಂತೆ ಬಂದರೆ ಅದು ಕಂಪ್ಯೂಟರಿನ ವಿಳಂಬ. ಅದರ ಮಾತು ತಾಳದ ಭಾಗದಲ್ಲಿ.

ಎಚ್ಚರಿಕೆ: ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್, ಸದ್ದು ಹೆಚ್ಚಿದಂತೆ ಆ ಗಂಟೆಗಳು ಭರದಿಂದ ಕರಗುತ್ತವೆ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಜೀರುಂಡೆ ಕೂಗಿದಂತಾದರೆ ಸದ್ದು ಹೆಚ್ಚಾಗಿತ್ತೆಂದೇ ಅರ್ಥ. ಅಂದಿಗೆ ಸಾಕು ಮಾಡಿ. ಮರುದಿನವೂ ಉಳಿದರೆ ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದೇ ದಿನ ಹೋಗಬೇಕು, ನಾಳೆ ನೋಡೋಣ ಎನ್ನುವ ಸಂಗತಿಯಲ್ಲ.

ಲಕ್ಷಣ: ವಾದ್ಯ ಶ್ರುತಿಯಲ್ಲಿ ನಿಲ್ಲುತ್ತಿಲ್ಲ

ಆಷಾಢದಲ್ಲಿ ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಬಂದ ತಬಲಾ, ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರಿನ ಎಸಿ ಕೋಣೆ. ಚೀಲದಿಂದ ತೆಗೆದಾಗ ಮಳೆಗಾಲದ ತೇವ ಕುಡಿದ ಚರ್ಮ ಸಡಿಲವಾಗಿರುತ್ತದೆ. ತಬಲಾದವರು ಸುತ್ತಿಗೆ ಹಿಡಿದು ಬಡಿದು ಏರಿಸುತ್ತಾರೆ. ಅರ್ಧ ಗಂಟೆಯಲ್ಲಿ ಎಸಿ ಆ ತೇವವನ್ನು ಹೀರುತ್ತದೆ, ಚರ್ಮ ಬಿಗಿಯುತ್ತದೆ, ಶ್ರುತಿ ಇನ್ನೂ ಮೇಲೇರುತ್ತದೆ. ಆಗ ಇಳಿಸುತ್ತಾರೆ. ಊಟಕ್ಕೆಂದು ಎಸಿ ಆರಿಸಿ ಬಂದರೆ ಮತ್ತೆ ಕೆಳಗೆ. ದಿನವಿಡೀ ಸುತ್ತಿಗೆಯ ಸದ್ದೇ ಹೆಚ್ಚು.

ಮದ್ದು ಸುಲಭ. ವಾದ್ಯವನ್ನು ಹೊದಿಕೆ ಬಿಚ್ಚಿ, ಹಾಡುವ ಕೋಣೆಯಲ್ಲೇ, ಎಸಿ ಹಾಕಿಟ್ಟು, ಮುಕ್ಕಾಲು ಗಂಟೆ ಸುಮ್ಮನೆ ಬಿಡಿ. ಗಾಳಿ ನೇರವಾಗಿ ಚರ್ಮದ ಮೇಲೆ ಬೀಳಬಾರದು. ಅಲ್ಲಿಯವರೆಗೆ ಸುತ್ತಿಗೆ ಮುಟ್ಟಬೇಡಿ, ಕಾಫಿ ಕುಡಿಯಿರಿ. ಆಮೇಲೆ ಅಂಚಿನ ಸುತ್ತ ಎದುರುಬದುರಾಗಿ ತಟ್ಟುತ್ತ ಹೋಗಿ. ಎಲ್ಲ ಕಡೆಯೂ ಒಂದೇ ಸಮನೆ ಇಳಿದಿದ್ದರೆ ಅದು ಹವೆ. ಒಂದು ಕಡೆ ಮಾತ್ರ ಬೇರೆ ನುಡಿದರೆ ಅಲ್ಲಿ ಹೆಣಿಗೆಯೋ (ಅಂಚಿನ ಸುತ್ತ ಹೆಣೆದ ಚರ್ಮ) ಬಾರೋ ಸಡಿಲಿದೆ; ಹೆಣಿಗೆಗೆ ಮೇಲಿನಿಂದ ಹಗುರವಾಗಿ ಬಡಿದರೆ ಏರುತ್ತದೆ, ಕೆಳಗಿನಿಂದ ಬಡಿದರೆ ಇಳಿಯುತ್ತದೆ. ಕರಣೆಯಿಂದ, ಅಂದರೆ ನಡುವಿನ ಕಪ್ಪು ಬಿಲ್ಲೆಯಿಂದ, ಗರಗರ ಎಂಬ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ. ಅದು ಬಿರುಕು ಬಿಟ್ಟಿದೆ, ಸ್ಟುಡಿಯೋದಲ್ಲಿ ಸರಿಯಾಗುವುದಲ್ಲ, ವಾದ್ಯ ಕಟ್ಟುವವರ ಕೈಗೇ ಹೋಗಬೇಕು. ಬಿಸಿಲಿಗೆ, ಹೀಟರಿಗೆ ಹಿಡಿದು ಬೇಗ ಒಣಗಿಸುವ ಜಾಣತನ ಬೇಡ, ಚರ್ಮ ಸೀಳುತ್ತದೆ.

ಮೃದಂಗದ ಎಡಗಡೆಯ ಗುಮ್ಕಿ (ತಗ್ಗಿನ ಗುಂಗುಟ್ಟುವ ನಾದ) ಮಧ್ಯಾಹ್ನದ ಹೊತ್ತಿಗೆ ತೆಳುವಾಯಿತೆಂದರೆ ಮೆತ್ತಿದ ರವೆ ಒಣಗಿದೆ, ಅಷ್ಟೆ. ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು ಎರಡು ಹಾಡಿನ ನಡುವೆ ಬೆರಳಲ್ಲಿ ಸವರಿ. ಆ ಬಟ್ಟಲು ವೈರಿನಿಂದ ದೂರವಿರಲಿ.

ಕೊಳಲು ಮತ್ತು ವೀಣೆ ಒಂದೇ ಕೋಣೆಯಲ್ಲಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ತಂಪು ಗಾಳಿಯಲ್ಲಿ ಕೊಳಲಿನ ಶ್ರುತಿ ಇಳಿಯುತ್ತದೆ, ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ತಣಿದರೆ ಸುಮಾರು 3 ಸೆಂಟ್‌ನಂತೆ. ವೀಣೆಯ ಉಕ್ಕಿನ ತಂತಿ ತಂಪಿಗೆ ಕುಗ್ಗಿ ಬಿಗಿಯಾಗಿ ಮೇಲೇರುತ್ತದೆ. ಇಬ್ಬರೂ "ನಂದು ಸರಿಯಿದೆ" ಎಂದು ಕೂರುತ್ತಾರೆ, ಇಬ್ಬರೂ ಒಂದು ಗಂಟೆ ಹಿಂದಿನ ಮಟ್ಟಿಗೆ ಸರಿಯೇ. ಕೊಳಲಿನವರು ಸ್ವರ ಹೊರಡಿಸದೆ ಐದು ನಿಮಿಷ ಬೆಚ್ಚನೆಯ ಉಸಿರು ಊದಿಟ್ಟುಕೊಳ್ಳಲಿ, ವೀಣೆಯವರು ಆಮೇಲೆ ಶ್ರುತಿ ಮಾಡಲಿ. ತಂತಿ ಸರಿಯಿದ್ದೂ ಮೆಟ್ಟಿಲಿನ (ತಂತಿಯನ್ನು ಒತ್ತುವ ಲೋಹದ ಪಟ್ಟಿ) ಮೇಲೆ ಮಾತ್ರ ಅಪಸ್ವರ ಬಂದರೆ ಮೇಣದ ಮೇಲೆ ಮೆಟ್ಟಿಲು ಸರಿದಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ವೀಣೆ ಇಟ್ಟಿದ್ದಿರಾ? ಇಪ್ಪತ್ನಾಲ್ಕು ಮೆಟ್ಟಿಲು ಕೂರಿಸುವುದು ವೀಣೆಗೆ ಮೇಳ ಕಟ್ಟುವವರ ವಿದ್ಯೆ. ಅಂದು ಬೇರೆ ವೀಣೆ ತರಿಸಿಕೊಳ್ಳಿ.

ಲಕ್ಷಣ: ತಾಳ ಮುಂದೆ ಓಡುತ್ತದೆ, ಇಲ್ಲವೇ ಹಿಂದೆ ಬೀಳುತ್ತದೆ

ಇಲ್ಲಿ ಒಂದೇ ಪ್ರಶ್ನೆ: ತಪ್ಪು ಸದಾ ಒಂದೇ ಅಳತೆಯದೋ, ಅಥವಾ ಹೆಚ್ಚು ಕಡಿಮೆಯಾಗುತ್ತದೋ? ಮೊದಲ ಆವರ್ತದಿಂದ ಕೊನೆಯವರೆಗೆ ಅಷ್ಟೇ ಹಿಂದೆ ಬೀಳುತ್ತಿದ್ದರೆ ಅದು ಯಂತ್ರ. ಕಂಪ್ಯೂಟರಿನ ಬಫರ್ (ಸದ್ದನ್ನು ಮುಂದಕ್ಕೆ ಕಳಿಸುವ ಮುನ್ನ ಅದು ಕೂಡಿಟ್ಟುಕೊಳ್ಳುವ ತುಣುಕುಗಳ ಸಂಖ್ಯೆ) 1,024 ಇದ್ದರೆ 44,100ರ ದರದಲ್ಲಿ ಅಷ್ಟಕ್ಕೇ 23 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡಿಗೆ ಬರುತ್ತದೆ. ಬ್ಲೂಟೂತ್ ಇಯರ್‌ಫೋನ್ ತಂದವರು ಅದನ್ನು ಚೀಲದಲ್ಲೇ ಇಡಲಿ, ಅದರ ವಿಳಂಬದ ಮುಂದೆ ಇದು ಏನೂ ಅಲ್ಲ.

ಆದರೆ ಚರಣದಲ್ಲಿ ಓಡಿ ಪಲ್ಲವಿಯಲ್ಲಿ ಹಿಂದೆ ಬಿದ್ದರೆ ಅದು ಮನುಷ್ಯರ ಕೆಲಸ. ಬೈದುಕೊಳ್ಳುವ ಮೊದಲು ಕ್ಲಿಕ್, ಅಂದರೆ ಹೆಡ್‌ಫೋನಿನಲ್ಲಿ ಲಯ ತೋರುವ ಟಿಕ್ ಟಿಕ್ ಸದ್ದು, ಬದಲಿಸಿ ನೋಡಿ. ನಿಮಿಷಕ್ಕೆ 40ರ ವಿಳಂಬ ನಡೆಯಲ್ಲಿ ಎರಡು ಕ್ಲಿಕ್‌ಗಳ ನಡುವೆ ಒಂದೂವರೆ ಸೆಕೆಂಡ್ ಖಾಲಿ. ಎಂಥವರೂ ಅಲ್ಲಿ ಎಡವುತ್ತಾರೆ. 80ಕ್ಕೆ ದ್ವಿಗುಣ ಮಾಡಿಸಿ. ಏಳು ಎಣಿಕೆಯ ಮಿಶ್ರಛಾಪು ಹಾಡಿಗೆ ನಾಲ್ಕಕ್ಕೊಮ್ಮೆ ಒತ್ತು ಕೊಡುವ ಕ್ಲಿಕ್ ಹಾಕಿದ್ದರೆ ಅದು ಪ್ರತಿ ಆವರ್ತದಲ್ಲೂ ನಿಮ್ಮನ್ನು ಬೇರೆಡೆಗೆ ಎಳೆಯುತ್ತದೆ. ಒತ್ತು ತೆಗೆಸಿ, ಅಥವಾ ಕ್ಲಿಕ್ಕೇ ಬೇಡವೆಂದು ತಬಲಾದ ಸರಳ ಠೇಕಾ ಹಾಕಿಸಿಕೊಳ್ಳಿ. ನನಗೆ ಕೇಳಿದರೆ ಎರಡನೆಯದೇ ಮೇಲು.

ಲಕ್ಷಣ: ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದು

ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್. ವೈರಿನ ದೋಷದ ಗುಂಯ್‌ಕಾರ 50ರಲ್ಲೂ ಅದರ ದುಪ್ಪಟ್ಟು 100ರಲ್ಲೂ ಕೇಳುತ್ತದೆ. ಬಿಳಿ ಒಂದರಲ್ಲಿ ಹಾಡುವ ಗಂಡಸರ ಮಂದ್ರ ಪಂಚಮ 98 ಹರ್ಟ್ಸ್. ಅಂದರೆ ಆ ಗುಂಯ್ ಪಂಚಮಕ್ಕಿಂತ ಒಂದು ಸ್ವರಸ್ಥಾನದ ಮೂರನೇ ಒಂದು ಪಾಲು ಮೇಲೆ ಕುಳಿತು ಅಲೆಯುತ್ತಿರುತ್ತದೆ. "ತಂಬೂರಿಯ ಪಂಚಮ ಯಾಕೋ ಕೂರುತ್ತಿಲ್ಲ" ಎಂದು ಅರ್ಧ ಗಂಟೆ ಜೀವಾಳದ (ತಂತಿಯ ಕೆಳಗಿಡುವ) ದಾರ ಸರಿಸುತ್ತ ಕುಳಿತವರನ್ನು ನೋಡಿದ್ದೇನೆ. ತಂಬೂರಿ ಸರಿಯಾಗಿಯೇ ಇತ್ತು, ಸರಿಯಿಲ್ಲದ್ದು ಗೋಡೆಯ ಪ್ಲಗ್ಗು.

ನಿಮ್ಮ ಕಡೆಯ ವಸ್ತುಗಳನ್ನು ಒಂದೊಂದಾಗಿ ಕಳಚುತ್ತ ಬನ್ನಿ. ಮೊದಲು ಎಲೆಕ್ಟ್ರಾನಿಕ್ ತಂಬೂರಿಯ ಅಡಾಪ್ಟರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಆಮೇಲೆ ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಚಾರ್ಜರ್. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನ) ಇರುವ ವೀಣೆಯೋ ಗಿಟಾರೋ ಆದರೆ ಕುಳಿತಲ್ಲೇ ಕಾಲು ಸುತ್ತು ತಿರುಗಿ; ಸದ್ದು ಏರಿಳಿದರೆ ಹತ್ತಿರದ ಟ್ರಾನ್ಸ್‌ಫಾರ್ಮರನ್ನೋ ಡಿಮ್ಮರ್ ದೀಪವನ್ನೋ ಅದು ಹೀರುತ್ತಿದೆ. ಕರೆಂಟ್ ಹೋಗಿ ಇನ್‌ವರ್ಟರ್ ಹತ್ತಿದ ಕ್ಷಣದಿಂದ ಜೀಂಯ್ ಶುರುವಾದರೆ ಕಾರಣ ಹುಡುಕಬೇಕಿಲ್ಲ, ಕರೆಂಟ್ ಬರುವವರೆಗೆ ಚಹಾ.

ಎಚ್ಚರಿಕೆ, ಇದನ್ನು ಎರಡು ಸಲ ಓದಿ: ಗುಂಯ್ ಹೋಗಲೆಂದು ಪ್ಲಗ್ಗಿನ ಮೂರನೆಯ ಪಿನ್, ಅಂದರೆ ಅರ್ಥಿಂಗ್, ಕತ್ತರಿಸುವವರಿದ್ದಾರೆ. ಸದ್ದು ಹೋಗುತ್ತದೆ ನಿಜ. ಒಳಗೆಲ್ಲೋ ವೈರು ಸೋರಿದ ದಿನ ಆ ಕರೆಂಟಿಗೆ ಭೂಮಿಯ ದಾರಿ ನಿಮ್ಮ ಮೈಯೇ ಆಗುತ್ತದೆ. ಮೈಕಿಗೆ ತುಟಿ ತಾಗಿದಾಗ, ತಂತಿ ಮುಟ್ಟಿದಾಗ ಚುರುಕ್ ಎಂದರೆ ಹಾಡು ಅಲ್ಲಿಗೇ ನಿಲ್ಲಿಸಿ, ಯಾವುದನ್ನೂ ಮುಟ್ಟದೆ ಹಿಂದೆ ಸರಿಯಿರಿ, ಮೇನ್ ಸ್ವಿಚ್ ಆರಿಸಲು ಹೇಳಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಒಳಗೆ ಹೋಗಬೇಡಿ. ಹಾಗೆಯೇ ಮೈಕಿನ ವೈರನ್ನು ನೀವಾಗಿ ಕೀಳಬೇಡಿ. ಅದರಲ್ಲಿ 48 ವೋಲ್ಟ್ ಹರಿಯುತ್ತಿರಬಹುದು. ಅದು ನಿಮಗೇನೂ ಮಾಡದು, ಆದರೆ ಕೆಲವು ಮೈಕುಗಳಿಗೆ ಪೆಟ್ಟು ಬೀಳುತ್ತದೆ, ಆ ಢಬ್ ಸದ್ದು ಹೆಡ್‌ಫೋನ್ ಹಾಕಿದವರ ಕಿವಿಗೂ ಬಡಿಯುತ್ತದೆ.

ಲಕ್ಷಣ: ಪ, ಬ, ಭ ಬಂದಾಗ ಢಬ್, ಸ, ಶ ಬಂದಾಗ ಸೀಟಿ

ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಪಾದ", "ಭಕ್ತಿ" ಅನ್ನಿ. ಆ ಗಾಳಿಯ ಪೆಟ್ಟೇ ಮೈಕಿಗೂ ಬೀಳುತ್ತಿರುವುದು. ಒಂದು ಗೇಣು ದೂರ ನಿಲ್ಲಿ, ಮೈಕ್ ಬಾಯಿಗೆ ನೇರವಾಗಿರದೆ ಬಾಯಿಯ ಪಕ್ಕಕ್ಕೆ ಸರಿದಿರಲಿ, ನಡುವೆ ಗಾಳಿ ತಡೆಯುವ ಬಲೆಯಿರಲಿ. ಸೀಟಿಗೆ ಮೈಕನ್ನು ಗಲ್ಲದ ಮಟ್ಟಕ್ಕೆ ಇಳಿಸಿ. ದನಿ ಇದ್ದಕ್ಕಿದ್ದಂತೆ ಗಡುಸಾಗಿ ಕೊಡದೊಳಗಿನಂತೆ ಕೇಳಿಸಿದರೆ ತೀರ ಹತ್ತಿರ ಹೋಗಿದ್ದೀರಿ. ಹತ್ತಿರವಾದಷ್ಟೂ ಈ ಮೈಕುಗಳು ತಗ್ಗಿನ ನಾದವನ್ನು ಉಬ್ಬಿಸುತ್ತವೆ. ಟೇಪಿನ ಒಂದು ತುಂಡನ್ನು ನೆಲಕ್ಕೆ ಅಂಟಿಸಿ ಪಾದ ಅಲ್ಲೇ ಇಟ್ಟರೆ ನಾಲ್ಕನೆಯ ಟೇಕಿನ ದನಿಯೂ ಮೊದಲನೆಯದರಂತೆಯೇ ಇರುತ್ತದೆ.

ಲಕ್ಷಣ: ಎಲ್ಲಿಂದಲೋ ಚಿಟಪಟ, ಸರಸರ

ಬಳೆ, ಜರಿಸೀರೆ, ಕೈಗಡಿಯಾರ, ಸಾಹಿತ್ಯದ ಹಾಳೆ ಮಗುಚುವುದು, ಹಳೆಯ ಕುರ್ಚಿ. ಹತ್ತಿಬಟ್ಟೆ ಉಟ್ಟು ಬನ್ನಿ. ಪದಗಳ ನಡುವೆ ನಾಲಗೆಯ ಚಟ್ ಚಟ್ ಬಂದರೆ ಬಾಯಿ ಒಣಗಿದೆ, ಅಥವಾ ಕಲ್ಲುಸಕ್ಕರೆ, ಲವಂಗ ಬಾಯಲ್ಲೇ ಇದೆ. ಉಗುರುಬೆಚ್ಚಗಿನ ನೀರು ಗುಟುಕು ಗುಟುಕಾಗಿ ಕುಡಿಯಿರಿ. ಖಾಲಿ ಹೊಟ್ಟೆಯ ಗುಡುಗುಡು ಕೂಡ ಮೈಕಿಗೆ ಚೆನ್ನಾಗಿ ಕೇಳುತ್ತದೆ. ಎರಡು ಇಡ್ಲಿ ತಿಂದು ಬನ್ನಿ, ಮಸಾಲೆದೋಸೆ ಸಂಜೆಗಿರಲಿ.

ಲಕ್ಷಣ: ಗಂಟಲು ನಿಜವಾಗಿಯೂ ಕೆಟ್ಟಿದೆ

ಮೇಲಿನದೆಲ್ಲ ಸರಿಯಿದ್ದು, ಹೆಡ್‌ಫೋನಿಲ್ಲದೆ ಹಾಡಿದಾಗಲೂ ದನಿ ಒಡೆಯುತ್ತಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಬೆಳಗಿನ ದನಿ ಗಡುಸಾಗಿದ್ದು ಹತ್ತು ಗಂಟೆಗೆ ತಿಳಿಯಾದರೆ ಅದು ನಿದ್ದೆಯ ಮಂಪರು. ಮಂದ್ರದಿಂದ ಮೆಲ್ಲಗೆ ಅಕಾರ ಸಾಧನೆ ಮಾಡಿ, ಮೊದಲ ಟೇಕಿಗೇ ತಾರಸ್ಥಾಯಿಗೆ ಹಾರಬೇಡಿ. ಹಾಡುತ್ತ ಹಾಡುತ್ತ ಮೇಲಿನ ಸ್ವರಗಳಲ್ಲಿ ಗಾಳಿ ಸೋರತೊಡಗಿದರೆ ದಣಿವು. ಇಪ್ಪತ್ತು ನಿಮಿಷ ಮೌನ. ಪಿಸುಮಾತು ಮೌನವಲ್ಲ, ಅದೂ ಗಂಟಲಿಗೆ ದಂಡನೆಯೇ.

ಹಾಡುವಾಗ ಥಟ್ಟನೆ ದನಿ ಕಟ್ಟಿತು, ಅಥವಾ ಚುಚ್ಚಿದಂತೆ ನೋವಾಯಿತು ಎಂದರೆ ಆ ದಿನದ ಹಾಡು ಮುಗಿಯಿತು. ಧ್ವನಿತಂತುವಿನಲ್ಲಿ ರಕ್ತಸ್ರಾವವಾಗಿರಬಹುದು, "ಇನ್ನೊಂದೇ ಟೇಕ್" ಎಂದು ಒತ್ತಾಯಿಸುವವರ ಮಾತು ಕೇಳಬೇಡಿ, ನನ್ನದನ್ನೂ ಕೂಡ. ತಾವಾಗಿ ನೋವಿನ ಮಾತ್ರೆ ನುಂಗಿ ಮುಂದುವರಿಯುವುದು ಇನ್ನೂ ಅಪಾಯ, ಆಸ್ಪಿರಿನ್‌ನಂಥವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಮೂರು ವಾರ ಕಳೆದರೂ ದನಿ ಗೊಗ್ಗರಾಗಿಯೇ ಇದ್ದರೆ ಕಷಾಯ ಸಾಕು, ವೈದ್ಯರಿಂದ ಗಂಟಲೊಳಗೆ ನೋಡಿಸಿ.

ಮುಂದೂಡಬೇಕಾಗಿ ಬಂದರೆ ಹಿಂದಿನ ದಿನ ಸಂಜೆಯೇ ಫೋನ್ ಮಾಡಿ, ಉಡುಪಿಯಲ್ಲಿ ತಬಲಾದವರು ರಾತ್ರಿ ಬಸ್ಸು ಹತ್ತುವ ಮೊದಲು.